ಪರೀಕ್ಷೆ ಮಾಡಿ, ಮಾನ ಹರಾಜು ಹಾಕಬೇಡಿ

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ ಇಟ್ಟಿಗೆ ಭಟ್ಟಿ ಕೂಲಿಕಾರರ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಅವರ ದೇಹದ ವಿಚಾರ ಟಿವಿ ಸುದ್ದಿಯಾಯಿತು. ಕೊನೆಗೆ ಅವರೂ ಭಟ್ಟಿಯಲ್ಲೇ ಕೂಲಿ ಮಾಡಬೇಕಾಯಿತು. ಕೋಚ್ ಕೆಲಸ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ.

ಮಹಿಳೆಯರ ವಿಭಾಗ ಬೇಡ ಎಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ನಮ್ಮೂರ ಹುಡುಗಿಯರಿಗೆ ಪದಕವೇ ಸಿಗದು. ನಿಯಮ ಬೇಕು. ಆದರೆ ನಿಯಮಕ್ಕೆ ಪುರಾವೆಯೂ ಬೇಕು.

ಒಡಿಶಾದ ನೇಕಾರರ ಮಗಳು ದ್ಯುತಿ ಚಂದ್ ಅವರನ್ನು 2014ರಲ್ಲಿ ಹಾರ್ಮೋನ್ ಹೆಚ್ಚಿದೆ ಎಂದು ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟರು. ಅವರು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಪುರಾವೆ ಸಾಲದು ಎಂದು 2015ರಲ್ಲಿ ಆ ನಿಯಮಕ್ಕೇ ತಡೆ ಬಿತ್ತು. (ಮುಂದಿನ ಉದ್ದೀಪನ ಮದ್ದಿನ ಪ್ರಕರಣ ಬೇರೆ ಮಾತು.)

2025ರ ಸೆಪ್ಟೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ವಿಭಾಗಕ್ಕೆ ಜೀನ್ ಪರೀಕ್ಷೆ ತಂದಿದೆ. ಫಲಿತಾಂಶ ಏನೇ ಬರಲಿ, ಮೊದಲು ಆ ಹುಡುಗಿಗೇ ಹೇಳಿ. ಗುಟ್ಟಾಗಿ ಹೇಳಿ, ಅವಳ ಭಾಷೆಯಲ್ಲಿ ಹೇಳಿ. ಸುದ್ದಿ ಬರೆಯುವ ನಾವೂ ಅವಳ ಹೆಸರು ಎತ್ತಬಾರದು.

ಶಾಂತಿ ಮೋಸ ಮಾಡಿರಲಿಲ್ಲ. ಹುಟ್ಟಿದ ಮೈಯಲ್ಲೇ ಓಡಿದ್ದರು.