ಸೈಕಲ್ ಹಬ್ಬದ ಜಮಾ-ಖರ್ಚು

ಧರ್ಮಕಾರ್ಯಕ್ಕೆ ಹಣ ಕೂಡಿಸಬೇಕಾದರೆ ಪಾವತಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ತಿರುಗುವುದು ನಮ್ಮಲ್ಲಿನ ರೂಢಿ. ಅಮೆರಿಕೆಯಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಸೈಕಲ್ ಏರಿ ಹತ್ತಾರು, ನೂರಾರು ಮೈಲಿ ತುಳಿಯುತ್ತಾರೆ. ಆ ಶ್ರಮವನ್ನು ಮೆಚ್ಚಿ ಬಂಧುಗಳು, ನೆರೆಯವರು, ಜೊತೆಯಲ್ಲಿ ಕೆಲಸ ಮಾಡುವವರು ದೇಣಿಗೆ ಕೊಡುತ್ತಾರೆ. ಕೇಳಲು ಸೊಗಸಾದ ಮಾತು. ಆದರೆ ಗಲ್ಲೆಯ ಪಕ್ಕದಲ್ಲಿ ಆಡಿ ಬೆಳೆದವರಿಗೆ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಬಂದ ಹಣದಲ್ಲಿ ರೋಗಿಗೆ ಮುಟ್ಟುವುದೆಷ್ಟು? ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ಯೂಟಾ ರಾಜ್ಯದಲ್ಲಿ ಕೊಲೊರಾಡೋ ನದಿಯ ದಂಡೆಗೆ ಮೋಯಾಬ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು. ಸುತ್ತಲೂ ಮರುಭೂಮಿ, ಆದರೆ ರಾಜಸ್ಥಾನದಂತೆ ಮರಳ ದಿನ್ನೆಗಳಲ್ಲ, ಗೋಡೆಯಂತೆ ನೆಟ್ಟಗೆ ನಿಂತ ಕೆಂಪು ಬಂಡೆಗಳು. ಊರ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಕೃತಿಯೇ ಕೊರೆದ ಕಲ್ಲಿನ ಕಮಾನುಗಳು ಎರಡು ಸಾವಿರಕ್ಕೂ ಹೆಚ್ಚು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿಗೆ ಈ ಸೀಮೆಯಲ್ಲಿ ಯುರೇನಿಯಂ ಅದಿರಿನ ದೊಡ್ಡ ನಿಕ್ಷೇಪ ಸಿಕ್ಕಿತು. ಊರು ಒಮ್ಮೆಲೇ ಸಿರಿವಂತವಾಯಿತು. ಯುರೇನಿಯಂ ಗಣಿಗಳ ಕೆಟ್ಟ ಗಾಳಿ ಕುಡಿದ ಅನೇಕ ಕೂಲಿಕಾರರಿಗೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬಂದಿತು. ಅಂಥವರಿಗೆ ಪರಿಹಾರ ಕೊಡಲು 1990ರಲ್ಲಿ ಅಮೆರಿಕೆಯ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಗಣಿಗಳ ಭರಾಟೆ ಇಳಿದ ಮೇಲೆ ಊರನ್ನು ಎತ್ತಿ ಹಿಡಿದವರು ಪ್ರವಾಸಿಗರು, ಅದರಲ್ಲಿಯೂ ಸೈಕಲ್ ಸವಾರರು.

ಇಲ್ಲಿ ಬಂಡೆಯ ಮೇಲೆ ಓಡಿಸುವ ದಪ್ಪ ಟೈರಿನ ಸೈಕಲ್ ಲೋಕಪ್ರಸಿದ್ಧ. ಅದಕ್ಕೆ ಎದುರಾಗಿ, ಡಾಂಬರು ರಸ್ತೆಯ ಸಪೂರ ಟೈರಿನ ಸೈಕಲ್‌ಗಳಿಗೆಂದೇ ‘ಸ್ಕಿನ್ನಿ ಟೈರ್ ಫೆಸ್ಟಿವಲ್’ ಹುಟ್ಟಿತು. ಮಾರ್ಚ್ ತಿಂಗಳಲ್ಲಿ ಹಲವು ದಿನ ನಡೆಸಿಕೊಂಡು ಬಂದ ಈ ಹಬ್ಬದ ಉದ್ದೇಶ ಕ್ಯಾನ್ಸರ್ ಗೆದ್ದು ಬಂದವರಿಗೆ ನೆರವಾಗುವುದು. ಇದು ಪಂದ್ಯವಲ್ಲ. ಮೊದಲು ಬಂದವನಿಗೆ ಕಪ್ಪಿಲ್ಲ, ಕಡೆಗೆ ಬಂದವನಿಗೆ ನಾಚಿಕೆಯಿಲ್ಲ. ಒಂದು ದಿನ ನದಿಯ ಬದಿಯ ರಸ್ತೆ. ಮತ್ತೊಂದು ದಿನ ಡೆಡ್ ಹಾರ್ಸ್ ಪಾಯಿಂಟ್ ಎಂಬ ಎತ್ತರದ ಬಯಲಿಗೆ ಏರು.

ಈ ಹೆಸರಿಗೊಂದು ಕಥೆಯಿದೆ. ಅರ್ಥ ‘ಸತ್ತ ಕುದುರೆಯ ತುದಿ’. ಹಿಂದೆ ದನಗಾಹಿಗಳು ಕಾಡುಕುದುರೆಗಳನ್ನು ಆ ಬಯಲಿಗೆ ಅಟ್ಟಿ, ಇಕ್ಕಟ್ಟಾದ ದಾರಿಗೆ ಬೇಲಿ ಹಾಕಿ ಹಿಡಿಯುತ್ತಿದ್ದರಂತೆ. ಒಮ್ಮೆ ಬೇಡವಾದ ಕುದುರೆಗಳನ್ನು ಅಲ್ಲಿಯೇ ಬಿಟ್ಟು ಹೋದರು. ಎರಡು ಸಾವಿರ ಅಡಿ ಕೆಳಗೆ ತುಂಬಿದ ನದಿ ಹರಿಯುತ್ತಿತ್ತು. ಅದನ್ನು ನೋಡುತ್ತಲೇ ಆ ಮೂಕಪ್ರಾಣಿಗಳು ನೀರಿಲ್ಲದೆ ಸತ್ತವೆಂದು ಹೇಳುತ್ತಾರೆ. ಓದುವಾಗ ಯಾರಿಗಾದರೂ ಕರುಳು ಚುರ್ ಎನ್ನದೆ ಇರದು.

ಇಂಥ ನಾಡಿನಲ್ಲಿ ಸೈಕಲ್ ಹಬ್ಬ ನಡೆಸುವುದೆಂದರೆ ಮೊದಲ ಕೆಲಸ ನೀರಿನದು. ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಮೈಯಲ್ಲಿ ನೀರು ಇಳಿದದ್ದು ತಿಳಿಯುವುದೇ ಇಲ್ಲ. ದಾರಿಯುದ್ದಕ್ಕೂ ನಮ್ಮ ಅರವಟ್ಟಿಗೆಗಳಂತೆ ನೀರು, ಹಣ್ಣು, ಉಪ್ಪಿನಂಶದ ತಿನಿಸು ಇಟ್ಟುಕೊಂಡು ಸ್ವಯಂಸೇವಕರು ಕಾಯಬೇಕು. ಸುಸ್ತಾದವರನ್ನು ಕೂರಿಸಿಕೊಳ್ಳಲು ಹಿಂದೊಂದು ಗಾಡಿ ಬರಬೇಕು. ಟೈರು ತೂತಾದರೆ ರಿಪೇರಿ, ಬಿದ್ದರೆ ಡಾಕ್ಟರು, ರಸ್ತೆಗೆ ಪರವಾನಗಿ, ವಿಮೆ, ಪೊಲೀಸು — ಎಲ್ಲವೂ ಬೇಕು. ಇವೆಲ್ಲ ಖರ್ಚಿನ ಬಾಬುಗಳು. ಇವನ್ನು ಉಳಿಸಿ ದಾನ ಹೆಚ್ಚಿಸುತ್ತೇನೆ ಎನ್ನುವವನು ಸವಾರರ ಜೀವದೊಡನೆ ಆಟವಾಡಿದಂತೆ.

ಹಾಗಾದರೆ ಖರ್ಚು ಯಾರ ಹೆಸರಿಗೆ ಬರೆಯಬೇಕು? ಅಮೆರಿಕೆಯಲ್ಲಿ ಇದಕ್ಕೆ ಎರಡು ಉತ್ತರ ಸಿಕ್ಕಿವೆ.

1980ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬವರು 36 ಸವಾರರೊಡನೆ ‘ಪ್ಯಾನ್-ಮಾಸ್ ಚಾಲೆಂಜ್’ ಆರಂಭಿಸಿದರು. ಆ ವರ್ಷ ಕೂಡಿದ್ದು 10,200 ಡಾಲರ್. ಈಗ ಅಲ್ಲಿ ಪ್ರವೇಶ ಶುಲ್ಕ ಮತ್ತು ಪ್ರಾಯೋಜಕರ ಹಣದಿಂದಲೇ ಖರ್ಚು ತೂಗಿಸಿ, ಸವಾರರು ಕೂಡಿಸಿದ ದೇಣಿಗೆಯನ್ನು ಪೂರ್ತಿಯಾಗಿ ಬೋಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಒಪ್ಪಿಸುತ್ತಾರೆ. 2024ರ ಹೊತ್ತಿಗೆ ಹೀಗೆ ಸಂದಾಯವಾದ ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿತು.

ಎರಡನೆಯದು ಡ್ಯಾನ್ ಪಲ್ಲೊಟ್ಟಾ ಅವರದು. 1994ರಿಂದ ಏಡ್ಸ್ ರೋಗಿಗಳ ನೆರವಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ಹಲವು ದಿನಗಳ ಸೈಕಲ್ ಯಾತ್ರೆಗಳನ್ನು ಅವರ ಕಂಪನಿ ನಡೆಸಿತು. ಹಣವೇನೋ ಹೊಳೆಯಂತೆ ಬಂದಿತು. ಆದರೆ ಜಾಹೀರಾತು, ವ್ಯವಸ್ಥೆಗೆ ಬಹಳ ಹೋಗುತ್ತದೆಂಬ ಟೀಕೆ ಎದ್ದು, ಫಲಾನುಭವಿ ಸಂಸ್ಥೆಗಳು ದೂರ ಸರಿದು, 2002ರಲ್ಲಿ ಕಂಪನಿ ಬಾಗಿಲು ಹಾಕಿತು. ಪಲ್ಲೊಟ್ಟಾ ಅವರ ವಾದವನ್ನೂ ಕೇಳಬೇಕು: ಬಂಡವಾಳ ಹಾಕದೆ ವ್ಯಾಪಾರ ಬೆಳೆಯದು, ದಾನಸಂಗ್ರಹವೂ ಹಾಗೆಯೇ. ನೂರು ಕೂಡಿಸಿ ತೊಂಬತ್ತು ಕೊಡುವುದಕ್ಕಿಂತ ಸಾವಿರ ಕೂಡಿಸಿ ಆರುನೂರು ಕೊಡುವುದು ರೋಗಿಗೆ ಲಾಭವಲ್ಲವೆ? ವ್ಯಾಪಾರಸ್ಥರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

ದೂರ ಸರಿದ ಸಂಸ್ಥೆಗಳು 2002ರಲ್ಲಿ ತಾವೇ ಹೊಸ ಯಾತ್ರೆ ಕಟ್ಟಿದವು. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ ಏಳು ದಿನ, 545 ಮೈಲಿ. ಮೂವತ್ತು ಕೋಟಿ ಡಾಲರಿಗೂ ಮಿಕ್ಕಿ ಕೂಡಿಸಿದ ಆ ಯಾತ್ರೆಯೂ 2025ರ ಜೂನಿನಲ್ಲಿ ಕೊನೆಗೊಂಡಿತು. ಕಾರಣ ಮೋಸವಲ್ಲ, ಖರ್ಚು ಏರುತ್ತಾ ಹೋಯಿತು, ಸವಾರರು ಇಳಿಯುತ್ತಾ ಹೋದರು. ಒಳ್ಳೆಯ ಅಂಗಡಿಯೂ ಇದೇ ಕಾರಣಕ್ಕೆ ಮುಚ್ಚುವುದುಂಟು.

ನನ್ನ ಮಟ್ಟಿಗೆ, ಪಲ್ಲೊಟ್ಟಾ ಅವರ ಲೆಕ್ಕ ಸರಿಯಿರಬಹುದು, ಆದರೆ ಕೊಡುವವನಿಗೆ ಅದು ಮೊದಲೇ ತಿಳಿದಿರಬೇಕು. ಹತ್ತು ರೂಪಾಯಿ ಕೊಟ್ಟ ಅಜ್ಜಿ ಪೂರ್ತಿ ಹತ್ತೂ ಔಷಧಿಗೆ ಹೋಯಿತೆಂದು ನಂಬಿದ್ದರೆ, ಆರು ಮಾತ್ರ ಹೋದದ್ದು ಹಿಂದಿನಿಂದ ಗೊತ್ತಾದಾಗ ಮುಂದಿನ ಸಲ ಅವಳ ಬಾಗಿಲು ತೆರೆಯುವುದಿಲ್ಲ. ಆ ನಷ್ಟ ಸಂಗ್ರಹಕ್ಕೆ ಬಂದವನಿಗಲ್ಲ, ಆಸ್ಪತ್ರೆಯ ಮಂಚದ ಮೇಲೆ ಮಲಗಿದವನಿಗೆ.

ನಿಮ್ಮ ಮನೆಯ ಮಕ್ಕಳು, ಯುವಕ ಮಂಡಲದವರು ಸೈಕಲ್ ಯಾತ್ರೆ ಮಾಡಿ ಆಸ್ಪತ್ರೆಗೆ ಹಣ ಕೂಡಿಸುತ್ತೇವೆಂದು ಬಂದರೆ ಬೇಡವೆನ್ನಬೇಡಿ. ಹೊರಡುವ ಮುಂಚೆ ಮೂರು ಬಾಬು ಬರೆಯಿಸಿ: ನೀರು, ಗಾಡಿ, ಔಷಧಿಯ ಖರ್ಚೆಷ್ಟು; ಅದನ್ನು ಯಾರು ಹೊರುತ್ತಾರೆ; ರೋಗಿಗೆ ಮುಟ್ಟುವುದೆಷ್ಟು. ಮೊದಲನೆಯ ಬಾಬಿನ ಹಣವನ್ನು ಸಾಧ್ಯವಾದರೆ ನಮ್ಮ ಅಂಗಡಿಗಳೇ ವಹಿಸಿಕೊಳ್ಳಲಿ. ಯಾತ್ರೆ ಮುಗಿದ ತಿಂಗಳೊಳಗೆ ಶಿಲ್ಕು ಸಹಿತ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಲಗೆಗೆ ಅಂಟಿಸಲಿ. ಸೈಕಲ್ ತುಳಿಯಲು ಹುಡುಗರಿದ್ದಾರೆ. ಲೆಕ್ಕ ಬರೆಯುವುದನ್ನು ಮಾತ್ರ ನಾವು ಹಿರಿಯರು ಕಲಿಸಿಕೊಡೋಣ.