ತುಟಿಯ ಬಣ್ಣಕ್ಕೂ ಒಂದು ವಿಳಾಸವಿರಲಿ

ಕಲೋತ್ಸವದ ದಿನಗಳು ಬಂದುವೆಂದರೆ ಕಾಸರಗೋಡಿನ ಕನ್ನಡ ಶಾಲೆಗಳ ತರಗತಿ ಕೋಣೆಗಳು ಚೌಕಿಗಳಾಗಿ ಮಾರ್ಪಡುತ್ತವೆ. ಒಂದೆಡೆ ಯಕ್ಷಗಾನದ ಬಣ್ಣಗಾರಿಕೆ, ಇನ್ನೊಂದೆಡೆ ಗುಂಪು ನೃತ್ಯದ ಅಲಂಕಾರ. ಸಾಲಾಗಿ ಕುಳಿತ ಹತ್ತು ಹನ್ನೆರಡು ಮಕ್ಕಳ ತುಟಿಗಳಿಗೆ ಒಂದೇ ಲಿಪ್‌ಸ್ಟಿಕ್ ಸರದಿಯಂತೆ ಸಾಗುತ್ತದೆ. ಅದನ್ನು ತಯಾರಿಸಿದವರು ಯಾರು, ಅದರೊಳಗೆ ಏನಿದೆ ಎಂದು ವಿಚಾರಿಸುವ ವ್ಯವಧಾನ ಆ ಗಡಿಬಿಡಿಯಲ್ಲಿ ಯಾರಿಗೂ ಇರುವುದಿಲ್ಲ.

ಆದರೆ ವಿಚಾರಿಸಲೇಬೇಕಾದ ಕಾರಣವಿದೆ. ಕೆನ್ನೆಗೆ ಹಚ್ಚಿದ್ದು ಕೆನ್ನೆಯಲ್ಲಿಯೇ ಉಳಿಯುತ್ತದೆ. ತುಟಿಗೆ ಹಚ್ಚಿದ್ದು ಸ್ವಲ್ಪಸ್ವಲ್ಪವಾಗಿ ಹೊಟ್ಟೆಯನ್ನು ಸೇರುತ್ತದೆ. ತುಟಿಯನ್ನು ನೆಕ್ಕುವ ಅಭ್ಯಾಸ ಮಕ್ಕಳಲ್ಲಿ ಹಿರಿಯರಿಗಿಂತ ಹೆಚ್ಚು. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದ ವಿಷಯ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸೀಸವನ್ನು ಯಾವ ಪ್ರಾಮಾಣಿಕ ತಯಾರಕನೂ ಬೇಕೆಂದು ಬೆರೆಸುವುದಿಲ್ಲ. ಅದು ಬಣ್ಣದ್ರವ್ಯಗಳೊಡನೆ ಕಲ್ಮಶವಾಗಿ ಒಳಗೆ ಬರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಲ್ಲಿನ ಮಾರುಕಟ್ಟೆಯ 400 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಕಂಡ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ ಸರಾಸರಿ 1.11 ಭಾಗ, ಗರಿಷ್ಠ 7.19 ಭಾಗ. ಭಾರತದ ನಿಯಮಗಳ ಪ್ರಕಾರ ಪ್ರಸಾಧನಗಳಿಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ಸೀಸ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರುವಂತಿಲ್ಲ. ಹಾಗಿರುವಾಗ ಪರೀಕ್ಷೆಗೆ ಒಳಗಾದ ಲಿಪ್‌ಸ್ಟಿಕ್ಕನ್ನು ವರ್ಷಕ್ಕೆರಡು ಬಾರಿ ಹಚ್ಚಿದರೆ ಮಗುವಿಗೆ ಕೇಡಾದೀತೆಂದು ಹೆತ್ತವರು ಬೆದರಬೇಕಾಗಿಲ್ಲ. ಭಯಪಡಬೇಕಾದದ್ದು ಯಾವ ಪರೀಕ್ಷೆಗೂ ಒಳಗಾಗದ, ಊರು ಹೆಸರಿಲ್ಲದ ಸರಕಿಗೆ.

ಇದು ಬರಿಯ ಊಹೆಯಲ್ಲ. ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಗೆ ತುತ್ತಾದ 15 ರೋಗಿಗಳನ್ನು ವೈದ್ಯರು ವಿಚಾರಿಸಿದಾಗ ಅವರಲ್ಲಿ 13 ಮಂದಿ ಮೈಬಣ್ಣ ಬಿಳುಪಾಗಿಸುವ ಕ್ರೀಮುಗಳನ್ನು ಬಳಸಿದ್ದುದು ತಿಳಿದುಬಂತು. ಅಂತಹ ಕ್ರೀಮುಗಳಲ್ಲಿ ಪಾದರಸವಿತ್ತು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಯನ್ನು ಆರಂಭಿಸಿತು. ಪರವಾನಗಿಯಾಗಲಿ ಸರಿಯಾದ ಲೇಬಲ್ ಆಗಲಿ ಇಲ್ಲದ ಪ್ರಸಾಧನಗಳು ಆ ತಪಾಸಣೆಯಲ್ಲಿ ವಶವಾದವು.

ಇಲ್ಲಿ ಅನೇಕರು ಹಿಡಿಯುವ ಸುಲಭದ ದಾರಿಯೆಂದರೆ ‘ನೈಸರ್ಗಿಕ’, ‘ಹರ್ಬಲ್’, ‘ರಾಸಾಯನಿಕ ಮುಕ್ತ’ ಎಂಬ ಪದಗಳನ್ನು ನಂಬುವುದು. ಯಕ್ಷಗಾನದ ನಾಡಿಗೆ ಇದರ ಉತ್ತರ ಹೊಸದೇನಲ್ಲ. ಹಿಂದಿನ ಬಣ್ಣದ ಪೆಟ್ಟಿಗೆಯಲ್ಲಿದ್ದ ಅರದಾಳವೂ ಇಂಗಳೀಕವೂ ಭೂಮಿಯಲ್ಲಿ ಸಹಜವಾಗಿಯೇ ಸಿಗುವ ಖನಿಜಗಳು. ಒಂದು ಆರ್ಸೆನಿಕ್‌ನದು, ಇನ್ನೊಂದು ಪಾದರಸದ್ದು. ನಿಸರ್ಗದಿಂದ ಬಂದದ್ದೆಲ್ಲವೂ ನಿರಪಾಯಕಾರಿ ಎನ್ನುವುದಕ್ಕೆ ಆಧಾರವಿಲ್ಲ. ಡಬ್ಬಿಯ ಮುಂಭಾಗದ ಹೊಗಳಿಕೆ ವ್ಯಾಪಾರಿಯದು. ಹಿಂಭಾಗದ ಸಣ್ಣಕ್ಷರಗಳು ಕಾನೂನಿನವು. ಓದಬೇಕಾದದ್ದು ಹಿಂಭಾಗವನ್ನು.

1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕನ ಹೆಸರು, ತಯಾರಿಕಾ ಸ್ಥಳದ ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವು ಲೇಬಲ್ಲಿನಲ್ಲಿರಬೇಕು. ವಿದೇಶದಿಂದ ಬಂದ ಸರಕಾದರೆ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೂ ಅದನ್ನು ಪಡೆದವರ ಹೆಸರು, ವಿಳಾಸಗಳೂ ಇರಬೇಕು. ‘ಗಲ್ಫಿನಿಂದ ತಂದದ್ದು’ ಎಂಬ ಮಾತು ಈ ಸಂಖ್ಯೆಗೆ ಬದಲಿಯಾಗದು.

ಘಟಕಗಳ ಪಟ್ಟಿಯ ವಿಷಯದಲ್ಲಿ ಮಾತ್ರ ನಿಯಮದಲ್ಲೊಂದು ಸಡಿಲಿಕೆಯಿದೆ. 30 ಗ್ರಾಮಿಗಿಂತ ಕಡಿಮೆ ತೂಕದ ಘನ ಪ್ರಸಾಧನಗಳ ಮೇಲೆ ಪಟ್ಟಿ ಕಡ್ಡಾಯವಲ್ಲ. ಒಂದು ಲಿಪ್‌ಸ್ಟಿಕ್ಕಿನ ತೂಕ ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಂ. ಅಂದರೆ ಹೊಟ್ಟೆಗೆ ಹೋಗುವ ಸಂಭವವಿರುವ ವಸ್ತುವೇ ಈ ಸಡಿಲಿಕೆಯೊಳಗೆ ನುಸುಳಿಕೊಂಡಿದೆ. ಆದುದರಿಂದ ಕಾನೂನು ಒತ್ತಾಯಿಸದಿದ್ದರೂ ತಾನಾಗಿ ಪಟ್ಟಿಯನ್ನು ಮುದ್ರಿಸಿದ ತಯಾರಕನನ್ನು ಆರಿಸುವುದು ಜಾಣತನ. ಸುಗಂಧದಿಂದಲೋ ಯಾವುದಾದರೂ ಎಣ್ಣೆಯಿಂದಲೋ ತುರಿಕೆಯಾಗುವ ಮಕ್ಕಳಿಗೆ ಆ ಪಟ್ಟಿಯೇ ಕಾವಲು. ಸೀಸ ಮಾತ್ರ ಯಾವ ಪಟ್ಟಿಯಲ್ಲೂ ಕಾಣದು, ಏಕೆಂದರೆ ಅದು ಘಟಕವಲ್ಲ, ಕಲ್ಮಶ. ಅದರ ವಿರುದ್ಧ ಗ್ರಾಹಕನಿಗಿರುವ ರಕ್ಷಣೆ, ತಪ್ಪಾದರೆ ಹೊಣೆ ಹೊರಲು ಒಬ್ಬ ತಯಾರಕನೂ ಒಂದು ವಿಳಾಸವೂ ಇರುವುದು. ಸುರಕ್ಷಿತ ಲಿಪ್‌ಸ್ಟಿಕ್ಕಿನ ಮೊದಲ ಲಕ್ಷಣ ಇದುವೇ.

ಗಡಿನಾಡಿನ ತಾಯಂದಿರಿಗೆ ಇನ್ನೊಂದು ತೊಡಕಿದೆ. ಪೊಟ್ಟಣದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿದ್ದರೆ ಸಾಕೆನ್ನುತ್ತದೆ ನಿಯಮ. ಕನ್ನಡದಲ್ಲಿ ಮುದ್ರಿಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಇಲ್ಲಿ ಮಕ್ಕಳೇ ನೆರವಾಗಬಲ್ಲರು. ಏಳನೆಯ ತರಗತಿಯ ಮಗು ‘ಯೂಸ್ ಬಿಫೋರ್’, ‘ಇಂಗ್ರೀಡಿಯೆಂಟ್ಸ್’, ‘ಲೈಸೆನ್ಸ್ ನಂಬರ್’ ಎಂಬ ಮೂರು ಪದಗಳನ್ನು ಗುರುತಿಸಿ ಅಮ್ಮನಿಗೆ ಓದಿ ಹೇಳಿದರೆ ಅದು ಪಠ್ಯಪುಸ್ತಕದಾಚೆಯ ಒಳ್ಳೆಯ ಪಾಠ.

ಸಂಶಯ ಬಂದರೆ ಮಾರ್ಗಗಳಿವೆ. ಖರೀದಿಸಿದ ಪ್ರಸಾಧನವನ್ನು ನಿಗದಿತ ಶುಲ್ಕ ತೆತ್ತು ಸರಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಹಕ್ಕನ್ನು 1940ರ ಕಾಯ್ದೆಯ 26ನೆಯ ಕಲಂ ಪ್ರತಿಯೊಬ್ಬನಿಗೂ ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಾನಿಯಾದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳೊಳಗೆ, ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಕೀಲರನ್ನು ನೇಮಿಸಲೇಬೇಕೆಂದಿಲ್ಲ. ಆದರೆ ಬಿಲ್ಲು ಕೈಯಲ್ಲಿದ್ದರೆ ದೂರಿಗೆ ಬಲ. ಔಷಧ ನಿಯಂತ್ರಣಾಧಿಕಾರಿಗೆ ಬರೆಯುವ ಮನವಿ ಮಲಯಾಳದಲ್ಲೇ ಇರಬೇಕೆಂದು ಅಂಜಬೇಕಾಗಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲನ್ನು ಸಲ್ಲಿಸುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಕನ್ನಡದಲ್ಲಿ ಬರೆದ ಅರ್ಜಿಯೂ ಅರ್ಜಿಯೇ.

ಈ ವರ್ಷ ರಕ್ಷಕ-ಶಿಕ್ಷಕ ಸಂಘಗಳು ಒಂದು ಕೆಲಸವನ್ನು ವಹಿಸಿಕೊಂಡರೆ ಸಾಕು. ಮಕ್ಕಳ ಅಲಂಕಾರಕ್ಕೆ ಬೇಕಾದ ಬಣ್ಣವನ್ನು ಲೇಬಲ್ ನೋಡಿ, ಬಿಲ್ಲು ಪಡೆದು ಒಟ್ಟಾಗಿ ಕೊಳ್ಳುವುದು. ತುಟಿಯ ಹುಣ್ಣು ಒಬ್ಬರಿಂದೊಬ್ಬರಿಗೆ ಹರಡುವುದರಿಂದ ಲಿಪ್‌ಸ್ಟಿಕ್ಕನ್ನು ನೇರವಾಗಿ ಹಚ್ಚದೆ ಪ್ರತಿ ಮಗುವಿಗೂ ಬೇರೆ ಹತ್ತಿಯ ಕಡ್ಡಿಯನ್ನು ಬಳಸುವುದು. ಪ್ರದರ್ಶನ ಮುಗಿದೊಡನೆ, ಊಟಕ್ಕೆ ಕೂರುವ ಮೊದಲೇ, ತೆಂಗಿನೆಣ್ಣೆಯಿಂದ ಬಣ್ಣವನ್ನು ಒರೆಸಿಬಿಡುವುದು. ಖರ್ಚು ಅಲ್ಪ. ಮಕ್ಕಳು ಅಷ್ಟರ ಮಟ್ಟಿಗೆ ಸುರಕ್ಷಿತರು.