ಬೆಂಕಿಗೆ ಬಗ್ಗದ ಬೀದಿ ನಕಾಶೆಗೆ ಬಲಿಯಾದಾಗ

ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದ ಮೇಯರ್ ಮನ್ರೋ ನಿಕೋಲ್ಸ್ 2025ರ ಜೂನ್ 1ರಂದು ಒಂದು ಯೋಜನೆಯನ್ನು ಪ್ರಕಟಿಸಿದರು. ಖಾಸಗಿ ದೇಣಿಗೆಗಳಿಂದ 10.5 ಕೋಟಿ ಡಾಲರ್‌ಗಳ ನಿಧಿಯನ್ನು ಕಟ್ಟುವುದು, ಅದರಲ್ಲಿ 6 ಕೋಟಿ ಡಾಲರನ್ನು ಗ್ರೀನ್‌ವುಡ್ ಮತ್ತು ಸುತ್ತಲಿನ ಉತ್ತರ ಭಾಗದ ಕಟ್ಟಡಗಳ ಸುಧಾರಣೆಗೂ ಪುನಶ್ಚೇತನಕ್ಕೂ ಮೀಸಲಿಡುವುದು ಆ ಯೋಜನೆಯ ಸಾರ. ನಿಕೋಲ್ಸ್ ಆ ನಗರದ ಪ್ರಥಮ ಕಪ್ಪು ವರ್ಣೀಯ ಮೇಯರ್. ಆದರೆ ಇಂದು ಗ್ರೀನ್‌ವುಡ್ ಬೀದಿಗೆ ಹೋದವರಿಗೆ ಕಾಣಸಿಗುವುದು ಒಂದೇ ಒಂದು ತುಂಡಿನಷ್ಟು ಉದ್ದದ, ಕೆಂಪು ಇಟ್ಟಿಗೆಯ ಹಳೆಯ ಅಂಗಡಿ ಸಾಲು. ಅದರಾಚೆ ತಲೆಯ ಮೇಲೆ ಹಾದುಹೋಗುವ ಹೆದ್ದಾರಿ. ಕಾಲುದಾರಿಯ ನೆಲದಲ್ಲಿ ಹುದುಗಿಸಿದ ಲೋಹದ ಫಲಕಗಳಲ್ಲಿ ಒಂದೊಂದು ಅಂಗಡಿಯ ಹೆಸರು, ಅದು 1921ರಲ್ಲಿ ನಾಶವಾಯಿತೆಂಬ ಮಾತು, ಮತ್ತೆ ತೆರೆಯಿತೋ ಇಲ್ಲವೋ ಎಂಬ ವಿವರ ಇವೆ. ಆ ಬೀದಿಯ ಕತೆಯಲ್ಲಿ ನಮ್ಮ ಪಟ್ಟಣಗಳ ಪೇಟೆ ಬೀದಿಗಳಿಗೂ ಒಂದು ಪಾಠವಿದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಟಲ್ಸಾ ತೈಲದಿಂದ ಬೆಳೆದ ಪಟ್ಟಣ. ರೈಲು ಹಳಿಯ ದಕ್ಷಿಣಕ್ಕೆ ಬಿಳಿಯರು, ಉತ್ತರಕ್ಕೆ ಕಪ್ಪು ವರ್ಣೀಯರು. 1906ರಲ್ಲಿ ಓ.ಡಬ್ಲ್ಯೂ. ಗರ್ಲಿ ಎಂಬ ಕಪ್ಪು ವರ್ಣೀಯ ವರ್ತಕ ಉತ್ತರ ಭಾಗದಲ್ಲಿ 40 ಎಕರೆ ಭೂಮಿಯನ್ನು ಖರೀದಿಸಿ, ತನ್ನ ಜನರಿಗೆ ನಿವೇಶನಗಳಾಗಿ ಮಾರಿದ. ಬಿಳಿಯರ ಅಂಗಡಿಗಳಲ್ಲಿ ಗೌರವವಿಲ್ಲದವರು ತಮ್ಮದೇ ಅಂಗಡಿಗಳನ್ನು ಕಟ್ಟಿಕೊಂಡರು. ಬಿಳಿಯರ ಮನೆಗಳಲ್ಲಿ ದುಡಿದು ತಂದ ಕೂಲಿ ಗ್ರೀನ್‌ವುಡ್‌ನ ದಿನಸಿ ಅಂಗಡಿಗೆ, ದರ್ಜಿಗೆ, ಕ್ಷೌರಿಕನಿಗೆ, ವೈದ್ಯನಿಗೆ ಸಂದಾಯವಾಗುತ್ತಿತ್ತು. ಜೆ.ಬಿ. ಸ್ಟ್ರಾಡ್‌ಫರ್ಡ್ ಅವರ ಹೊಟೇಲು, ವಿಲಿಯಮ್ಸ್ ದಂಪತಿಯ ಡ್ರೀಮ್‌ಲ್ಯಾಂಡ್ ಚಿತ್ರಮಂದಿರ, ‘ಟಲ್ಸಾ ಸ್ಟಾರ್’ ಎಂಬ ಪತ್ರಿಕೆ, ಎಲ್ಲವೂ ಆ ಬೀದಿಯಲ್ಲಿದ್ದವು. ಕೆಳಗೆ ಅಂಗಡಿ, ಮೇಲ್ಮಹಡಿಯಲ್ಲಿ ವಕೀಲರ ಕಚೇರಿ ಅಥವಾ ವಾಸದ ಕೋಣೆ. ನಮ್ಮ ಹಳೆಯ ಪೇಟೆಗಳನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೇನಲ್ಲ.

1921ರ ಮೇ 31ರಂದು ಇದಕ್ಕೆ ಬೆಂಕಿ ಬಿತ್ತು. ಬೂಟು ಪಾಲಿಶ್ ಮಾಡುವ ಕಪ್ಪು ಯುವಕನೋರ್ವ ಲಿಫ್ಟಿನಲ್ಲಿ ಬಿಳಿಯ ಯುವತಿಯ ಮೇಲೆ ಕೈ ಮಾಡಿದನೆಂಬ ಆರೋಪ, ಅದನ್ನು ಉಬ್ಬಿಸಿ ಬರೆದ ಪತ್ರಿಕೆ, ನ್ಯಾಯಾಲಯದ ಮುಂದೆ ನೆರೆದ ಗುಂಪು. ಗಲಭೆಗಳ ಈ ಪೀಠಿಕೆಯನ್ನು ನಮ್ಮ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಮರುದಿನ ಮಧ್ಯಾಹ್ನದೊಳಗೆ ಸುಮಾರು 35 ಬ್ಲಾಕ್‌ಗಳು ಬೂದಿಯಾಗಿದ್ದವು. ರೆಡ್‌ಕ್ರಾಸ್ ಲೆಕ್ಕದ ಪ್ರಕಾರ ಸುಟ್ಟ ಮನೆಗಳೇ 1,256. ಸತ್ತವರ ಸಂಖ್ಯೆಯನ್ನು ಅಂದಿನ ಅಧಿಕಾರಿಗಳು 36 ಎಂದು ದಾಖಲಿಸಿದರೆ, ಅದು 300ರಷ್ಟಿರಬಹುದೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಈ ಕೃತ್ಯಕ್ಕಾಗಿ ಒಬ್ಬನೇ ಒಬ್ಬ ಬಿಳಿಯನಿಗೆ ಶಿಕ್ಷೆಯಾಗಲಿಲ್ಲ. ಗಲಭೆಯ ನಷ್ಟವನ್ನು ಭರಿಸುವುದಿಲ್ಲವೆಂಬ ಷರತ್ತನ್ನು ತೋರಿಸಿ ವಿಮಾ ಕಂಪೆನಿಗಳು ಕೈತೊಳೆದುಕೊಂಡವು.

ನಿಜವಾಗಿ, ಗಮನಿಸಬೇಕಾದುದು ಇದರ ನಂತರದ ಬೆಳವಣಿಗೆಯನ್ನು. ಬೂದಿ ಆರುವ ಮೊದಲೇ, ಒಂದು ವಾರದೊಳಗೆ, ನಗರಾಡಳಿತವು ಅಗ್ನಿಸುರಕ್ಷೆಯ ನಿಯಮವನ್ನು ಗ್ರೀನ್‌ವುಡ್‌ಗೆ ವಿಸ್ತರಿಸಿತು. ಬೆಂಕಿ ತಗಲದ ದುಬಾರಿ ಸಾಮಗ್ರಿಗಳಿಂದಲೇ ಕಟ್ಟಬೇಕು, ಇಲ್ಲವಾದರೆ ಕಟ್ಟುವಂತಿಲ್ಲ! ಸುಟ್ಟವರನ್ನು ಹಿಡಿಯದ ಆಡಳಿತಕ್ಕೆ, ಸುಡಲ್ಪಟ್ಟವರ ಸುರಕ್ಷೆಯ ಬಗ್ಗೆ ಹಠಾತ್ತನೆ ಕಾಳಜಿ ಹುಟ್ಟಿತ್ತು. ನಿಯಮದ ಭಾಷೆಯಲ್ಲಿ ಎಲ್ಲಿಯೂ ಜನಾಂಗದ ಉಲ್ಲೇಖವಿರಲಿಲ್ಲ. ಅದರ ಫಲ ಮಾತ್ರ ಯಾರ ಮೇಲೆ ಬೀಳುತ್ತದೆಂಬುದು ಎಲ್ಲರಿಗೂ ತಿಳಿದಿತ್ತು. ಬಿ.ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು, ಕಚೇರಿ ಸುಟ್ಟುಹೋದುದರಿಂದ ಡೇರೆಯೊಂದರಲ್ಲಿ ಕುಳಿತು, ಸಹವಕೀಲರೊಂದಿಗೆ ಆ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆದ್ದರು. ಜನರು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಬೀದಿಯನ್ನು ಮತ್ತೆ ಕಟ್ಟಿದರು. ಉಳಿದಿರುವ ಕಟ್ಟಡಗಳಲ್ಲಿ ಹಲವು ಆಗ, 1922ರ ಸುಮಾರಿಗೆ ಎದ್ದವು. 1925ರಲ್ಲಿ ದೇಶದ ಕಪ್ಪು ವರ್ತಕರ ಮಹಾಸಮ್ಮೇಳನ ಅದೇ ಟಲ್ಸಾದಲ್ಲಿ ನಡೆಯಿತು. 1940ರ ದಶಕದ ಆರಂಭದ ವೇಳೆಗೆ ಅಲ್ಲಿ 200ಕ್ಕೂ ಹೆಚ್ಚು ವ್ಯಾಪಾರ ಸಂಸ್ಥೆಗಳಿದ್ದವು.

ಹಾಗಾದರೆ ಇಂದು ಉಳಿದಿರುವುದು ಒಂದು ತುಂಡು ಮಾತ್ರವೇಕೆ? ಅದನ್ನು ಕೆಡವಿದ್ದು ಗಲಭೆಕೋರರಲ್ಲ, ನಗರ ಯೋಜನೆ. 1957ರ ಮಹಾಯೋಜನೆಯಲ್ಲಿ ನಗರದ ಸುತ್ತ ಹೆದ್ದಾರಿಯ ಬಳೆಯೊಂದನ್ನು ಗುರುತಿಸಲಾಯಿತು. ಅದರ ಒಂದು ಅಂಚು ಗ್ರೀನ್‌ವುಡ್‌ನ ಎದೆಯ ಮೇಲೆಯೇ ಹಾದುಹೋಗುತ್ತಿತ್ತು. ‘ನಗರ ನವೀಕರಣ’ದ ಹೆಸರಿನಲ್ಲಿ ಶಿಥಿಲವೆಂಬ ಹಣೆಪಟ್ಟಿ ಹಚ್ಚಿ ಕಟ್ಟಡಗಳನ್ನು ಸ್ವಾಧೀನಪಡಿಸಲಾಯಿತು. 1960ರ ದಶಕದ ಕೊನೆಯಿಂದ 1970ರ ದಶಕದ ಆರಂಭದೊಳಗೆ ಬೀದಿಯ ಬಹುಭಾಗ ನೆಲಸಮವಾಯಿತು. ಆ ಕಟ್ಟಡಗಳು ಶಿಥಿಲವಾದುದಾದರೂ ಹೇಗೆ? ಕಪ್ಪು ವರ್ಣೀಯರ ಬಡಾವಣೆಗಳನ್ನು ಸಾಲಕ್ಕೆ ಅಪಾಯಕಾರಿಯೆಂದು 1930ರ ದಶಕದಲ್ಲೇ ನಕಾಶೆಗಳಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಲಾಗಿತ್ತು. ಸಾಲವಿಲ್ಲದಿದ್ದರೆ ದುರಸ್ತಿಯಿಲ್ಲ, ದುರಸ್ತಿಯಿಲ್ಲದಿದ್ದರೆ ಕಟ್ಟಡ ಶಿಥಿಲ, ಶಿಥಿಲವೆಂದರೆ ಕೆಡವಲು ಕಾರಣ. ಇದರ ಜೊತೆಗೆ ಇನ್ನೊಂದು ಕಹಿ ಸತ್ಯವೂ ಇದೆ. ಜನಾಂಗ ಪ್ರತ್ಯೇಕತೆ ಕೊನೆಗೊಂಡು ನಗರದ ಇತರ ಅಂಗಡಿಗಳ ಬಾಗಿಲು ತೆರೆದಾಗ, ಗ್ರೀನ್‌ವುಡ್‌ನ ಗ್ರಾಹಕರೂ ಅತ್ತ ನಡೆದರು. ಅದು ಅವರ ನ್ಯಾಯಯುತ ಹಕ್ಕು. ಆದರೆ ವ್ಯಾಪಾರ ಬತ್ತಿದ ಬೀದಿಯ ಪರವಾಗಿ ಮಾತಾಡುವ ಧ್ವನಿಗಳೂ ಕ್ಷೀಣಿಸಿದುವು.

ಗಲಭೆಗೆ ದಿನಾಂಕವಿರುತ್ತದೆ. ಅದನ್ನು ವರ್ಷ ವರ್ಷ ಸ್ಮರಿಸಲಾಗುತ್ತದೆ, ತನಿಖಾ ಆಯೋಗ ರಚನೆಯಾಗುತ್ತದೆ. ಟಲ್ಸಾದ ಗಲಭೆಯ ಬಗ್ಗೆ ಅಂಥದ್ದೊಂದು ಆಯೋಗ 2001ರಲ್ಲಿ ವರದಿಯನ್ನೂ ಸಲ್ಲಿಸಿತು. ಆದರೆ ನಕಾಶೆಯಲ್ಲಿ ಎಳೆಯಲಾಗುವ ಗೆರೆಗೆ ಪ್ರತಿಭಟನೆ ಇರುವುದಿಲ್ಲ. ಅದು ಜೆಸಿಬಿಯ ರೂಪ ತಾಳಿ ಅಂಗಡಿಯ ಮುಂದೆ ನಿಂತಾಗಲೇ ನಾವು ಎಚ್ಚೆತ್ತುಕೊಳ್ಳುತ್ತೇವೆ. ಅಷ್ಟರಲ್ಲಿ ಮಹಾಯೋಜನೆಯ ಕರಡು ಪ್ರಕಟವಾಗಿ, ಆಕ್ಷೇಪಣೆಯ ಅವಧಿ ಮುಗಿದು, ಅಂತಿಮ ಮುದ್ರೆಯೂ ಬಿದ್ದಿರುತ್ತದೆ.

ಹಾಗಂತ, ನಮ್ಮ ಪೇಟೆ ಬೀದಿಗಳು ಗ್ರೀನ್‌ವುಡ್ ಅಲ್ಲ. ಇಲ್ಲಿ ಬಟ್ಟೆ ಅಂಗಡಿಯ ಸಾಹೇಬರ ಪಕ್ಕದಲ್ಲಿ ಶೆಟ್ಟರ ದಿನಸಿ ಅಂಗಡಿಯಿದೆ, ಅದರಾಚೆ ಆಚಾರ್ಯರ ಚಿನ್ನದ ಕೆಲಸವಿದೆ. ಒಂದೇ ಗೋಡೆಯನ್ನು ಹಂಚಿಕೊಂಡವರು ಇವರು. ರಸ್ತೆ ಅಗಲವಾದಾಗ ಎಲ್ಲರ ಜಗಲಿಯೂ ಹೋಗುತ್ತದೆ. ಆದ್ದರಿಂದ ಇದನ್ನು ಒಂದು ಸಮುದಾಯದ ದೂರಾಗಿ ನೋಡುವುದು ಸರಿಯಲ್ಲ, ಜಾಣತನವೂ ಅಲ್ಲ. ಗ್ರೀನ್‌ವುಡ್‌ಗೆ ಇರದಿದ್ದ ನೆರೆಯವರ ಬಲ ನಮಗಿದೆ. ಬೀದಿಯ ವರ್ತಕರ ಸಂಘದಲ್ಲಿ ಕೂರುವ ಬದಲು ಪ್ರತ್ಯೇಕ ಮನವಿ ಹಿಡಿದು ಓಡಾಡುವವರು ಆ ಬಲವನ್ನು ಕೈಯಾರೆ ಚೆಲ್ಲುತ್ತಾರೆ.

ಕಾನೂನಿನ ಆಸರೆ ಇಲ್ಲವೆಂದಲ್ಲ. ಸುಪ್ರೀಮ್ ಕೋರ್ಟು 2024ರ ನವೆಂಬರ್ 13ರ ತೀರ್ಪಿನಲ್ಲಿ, ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟೀಸು ನೀಡಬೇಕು, ಮಾಲಕರ ಅಹವಾಲನ್ನು ಆಲಿಸಬೇಕು, ತಪ್ಪಿದರೆ ಅಧಿಕಾರಿಗಳೇ ಹೊಣೆಯೆಂದು ಸ್ಪಷ್ಟವಾಗಿ ಹೇಳಿದೆ. 2013ರ ಭೂಸ್ವಾಧೀನ ಕಾನೂನು ಮಾಲಕರನ್ನಷ್ಟೇ ಅಲ್ಲ, ಮೂರು ವರ್ಷಗಳಿಂದ ಅಲ್ಲೇ ಜೀವನೋಪಾಯ ಕಂಡುಕೊಂಡ ಬಾಡಿಗೆದಾರರನ್ನೂ ಬಾಧಿತರ ಸಾಲಿಗೆ ಸೇರಿಸಿದೆ. ಆದರೆ ರಸ್ತೆ, ಕಾಲುದಾರಿಯಂಥ ಸಾರ್ವಜನಿಕ ಸ್ಥಳದ ಅನಧಿಕೃತ ನಿರ್ಮಾಣಕ್ಕೆ 2024ರ ಆ ತೀರ್ಪಿನ ರಕ್ಷಣೆಯಿಲ್ಲ. ಚರಂಡಿಯ ಮೇಲೆ ಚಪ್ಪಡಿ ಹಾಸಿ ಅಂಗಡಿಯನ್ನು ಮೂರಡಿ ಮುಂದೆ ತಂದವರು, ಪಾದಚಾರಿಯ ಹಕ್ಕನ್ನು ಕಸಿದುದಲ್ಲದೆ, ತಮ್ಮ ಸಕ್ರಮ ಕಟ್ಟಡದ ಪರವಾದ ವಾದವನ್ನೂ ದುರ್ಬಲಗೊಳಿಸುತ್ತಾರೆ.

ಇನ್ನು ನಮ್ಮ ಮನೆಯೊಳಗಿನ ವಿಷಯ. ಪಟ್ಟಣಗಳ ಮುಖ್ಯ ಬೀದಿಗಳಲ್ಲಿ ಮೇಲ್ಮಹಡಿಗೆ ಬೀಗ ಬಿದ್ದು, ಹಂಚು ಜಾರಿ, ಗೋಡೆಯಲ್ಲಿ ಅರಳಿ ಗಿಡ ಬೆಳೆದ ಎಷ್ಟು ಕಟ್ಟಡಗಳಿಲ್ಲ? ಅವುಗಳಲ್ಲಿ ಹಲವಕ್ಕೆ ಅಜ್ಜನ ಹೆಸರಿನಲ್ಲೇ ಖಾತೆಯಿದೆ. ಮೊಮ್ಮಕ್ಕಳಲ್ಲಿ ಒಬ್ಬರು ದುಬಾಯಿಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಪಾಲು ಆಗಿಲ್ಲವಾದ್ದರಿಂದ ದುರಸ್ತಿಗೆ ಯಾರೂ ಹಣ ಹಾಕುವುದಿಲ್ಲ. ಪಾಲು ಏಕೆ ಆಗಿಲ್ಲ? ಎಷ್ಟೋ ಕುಟುಂಬಗಳಲ್ಲಿ ಇದಕ್ಕೆ ಉತ್ತರ, ಸಹೋದರಿಯರ ಹಕ್ಕನ್ನು ಕೊಡಬೇಕಾದೀತೆಂಬ ಭಯ. ಕುರ್‌ಆನ್ ನಿಗದಿಪಡಿಸಿದ ಪಾಲನ್ನು ತಡೆಹಿಡಿದವರು ಕೊನೆಗೆ ಯಾರಿಗೂ ಪಾಲು ಸಿಗದ ಸ್ಥಿತಿಯನ್ನು ತಂದುಕೊಳ್ಳುತ್ತಾರೆ. ಖಾತೆ ಸರಿಯಿಲ್ಲದ ಕಟ್ಟಡಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಸ್ವಾಧೀನವಾದರೆ ಪರಿಹಾರ ನ್ಯಾಯಾಲಯದಲ್ಲಿ ಕೊಳೆಯುತ್ತದೆ. ಗ್ರೀನ್‌ವುಡ್‌ನವರಿಗೆ ಸಾಲವನ್ನು ಇತರರು ನಿರಾಕರಿಸಿದರು. ನಾವು ಅದನ್ನು ನಮಗೆ ನಾವೇ ನಿರಾಕರಿಸಿಕೊಳ್ಳುತ್ತಿದ್ದೇವೆ.

ಜಮಾಅತ್‌ಗಳು ಮತ್ತು ವರ್ತಕರ ಸಂಘಗಳು ಮಾಡಬಹುದಾದುದು ಬಹಳವಿದೆ. ತಮ್ಮ ಬೀದಿಯ ಪ್ರತಿಯೊಂದು ಹಳೆಯ ಕಟ್ಟಡದ ಖಾತೆ, ಪರವಾನಿಗೆ, ತೆರಿಗೆ ರಸೀದಿ ಮತ್ತು ಬಾಡಿಗೆ ಕರಾರುಗಳು ಸರಿಯಿವೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸಲಿ. ಪುರಸಭೆಯ ಯೋಜನೆಗಳ ಕರಡು ಪ್ರಕಟವಾದಾಗ ಓದಿ ಹೇಳಬಲ್ಲ ಒಬ್ಬ ವಕೀಲರನ್ನೂ ಒಬ್ಬ ಇಂಜಿನಿಯರನ್ನೂ ನೇಮಿಸಿಕೊಳ್ಳಲಿ. ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸುವ ಖರ್ಚು, ಕುಸಿದ ಮೇಲೆ ಕಟ್ಟುವ ಖರ್ಚಿನ ಮುಂದೆ ಏನೇನೂ ಅಲ್ಲ.

ಗ್ರೀನ್‌ವುಡ್‌ನಲ್ಲಿ ಬದುಕುಳಿದಿದ್ದವರು ಪರಿಹಾರ ಕೋರಿ ಹೂಡಿದ್ದ ದಾವೆಯನ್ನು ಓಕ್ಲಹೋಮಾದ ಸರ್ವೋಚ್ಚ ನ್ಯಾಯಾಲಯವು 2024ರ ಜೂನ್‌ನಲ್ಲಿ ತಿರಸ್ಕರಿಸಿತು. ಮೇಯರ್ ಪ್ರಕಟಿಸಿದ ನಿಧಿಯಲ್ಲೂ ಅವರ ಕೈಗೆ ನೇರವಾಗಿ ಹಣ ಕೊಡುವ ಪ್ರಸ್ತಾಪವಿರಲಿಲ್ಲ. ಕಳೆದುಕೊಂಡ ಮೇಲೆ ನ್ಯಾಯ ಕೇಳುವವನ ಸ್ಥಿತಿ ಒಂದು ಶತಮಾನದ ಬಳಿಕವೂ ಹೀಗಿದೆ. ಡೇರೆಯಲ್ಲಿ ಕುಳಿತು ಕಾನೂನು ಪುಸ್ತಕ ತೆರೆದ ಆ ವಕೀಲರು ಗೆದ್ದುದು ಸಕಾಲದಲ್ಲಿ ಪ್ರಶ್ನಿಸಿದ್ದರಿಂದ. ನಮ್ಮ ಪೇಟೆಗಳಲ್ಲಿ ಆ ಸಮಯ ಇನ್ನೂ ಮೀರಿಲ್ಲ.